ಶೆಟರಿನ ಹಿಂದೆ ಇನ್ನೊಂದು ಬಾಗಿಲು: ನಮ್ಮ ಪುರಸಭೆಗೆ ಬಹಿರಂಗ ಪತ್ರ

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳಿಗೆ, ಅಧ್ಯಕ್ಷರಿಗೆ ಹಾಗೂ ಎಲ್ಲ ಸದಸ್ಯರಿಗೆ, ತಾಲ್ಲೂಕು ಕೇಂದ್ರದ ಅಗ್ನಿಶಾಮಕ ಠಾಣಾಧಿಕಾರಿಗಳಿಗೆ, ಮತ್ತು ನನ್ನ ಜೊತೆ ದಿನವೂ ಬಜಾರಿನಲ್ಲಿ ಅಂಗಡಿ ತೆರೆಯುವ ವ್ಯಾಪಾರಿ ಬಂಧುಗಳಿಗೆ,

ನಮಸ್ಕಾರಗಳು.

ನಾನು ಯಾದಗಿರಿ ಜಿಲ್ಲೆಯ ಒಂದು ಸಣ್ಣ ಪಟ್ಟಣದ ಬಟ್ಟೆ ವ್ಯಾಪಾರಿ. ತಂದೆಯವರು ಇಟ್ಟ ಅಂಗಡಿಯನ್ನು ಮೂವತ್ತೊಂದು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇನೆ. ಪಟ್ಟಣದ ಹೆಸರನ್ನು ಇಲ್ಲಿ ಬೇಕೆಂದೇ ಬರೆದಿಲ್ಲ. ಬರೆದರೆ ಓದುವವರು ಇದನ್ನು ಆ ಊರಿನ ಒಳಜಗಳವೆಂದು ಬದಿಗಿಡುತ್ತಾರೆ, ಇಲ್ಲವೇ ಯಾರ ಮೇಲಿನ ಸಿಟ್ಟು ಇದು ಎಂದು ಹುಡುಕಲು ತೊಡಗುತ್ತಾರೆ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಅಗ್ನಿ ಸುರಕ್ಷತೆಯ ನಿಯಮಗಳನ್ನು ನಮ್ಮಂಥ ಊರಿನಲ್ಲಿ ಯಾರು ಜಾರಿಗೆ ತರಬೇಕು, ಅವರು ಬಂದು ನೋಡಬೇಕಾದದ್ದು ಏನು ಎಂಬ ಎರಡೇ ಪ್ರಶ್ನೆಗಳಿಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಎರಡನೆಯ ಪ್ರಶ್ನೆಗೆ ಉತ್ತರ ಹೇಳುವಾಗ ನನ್ನ ಅಂಗಡಿಯ ತಪ್ಪುಗಳನ್ನೂ ಮುಚ್ಚಿಡುವುದಿಲ್ಲ.

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನಾವೆಲ್ಲ ಉದ್ದಿಮೆ ಪರವಾನಗಿಯ ನವೀಕರಣಕ್ಕೆ ಅರ್ಜಿ ಹಾಕುತ್ತೇವೆ. ತೆರಿಗೆ ಕಟ್ಟಿದ ರಸೀದಿ, ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ಇವುಗಳ ಜೊತೆಗೆ ಅಗ್ನಿ ನಂದಕ ಕೊಂಡ ರಸೀದಿಯ ನಕಲನ್ನೂ ಇಡುವುದು ನಮ್ಮಲ್ಲಿ ರೂಢಿ. ಕಡತ ನೋಡುವವರು ಆರೋಗ್ಯ ನಿರೀಕ್ಷಕರು. ಊರಿನ ಚರಂಡಿ, ಕಸ, ಸೊಳ್ಳೆ, ಬೀದಿನಾಯಿ ಎಲ್ಲವೂ ಅವರ ತಲೆಯ ಮೇಲೆಯೇ ಇರುವಾಗ ನೂರಾರು ಅಂಗಡಿಗಳ ಕಡತಗಳನ್ನು ಒಂದು ತಿಂಗಳಲ್ಲಿ ಮುಗಿಸುವುದೇ ದೊಡ್ಡದು, ಅಂಗಡಿಗೆ ಬಂದು ನೋಡುವುದು ದೂರದ ಮಾತು. ಈ ವರ್ಷ ನನ್ನ ಕಡತದ ಪ್ರತಿಯನ್ನು ಮನೆಯಲ್ಲಿ ಕುಳಿತು ತಿರುವಿ ಹಾಕಿದಾಗ ನನಗೆ ನಾಚಿಕೆಯಾಯಿತು. 2019ರಲ್ಲಿ ಕೊಂಡ ಒಂದು ಅಗ್ನಿ ನಂದಕದ ಅದೇ ರಸೀದಿಯನ್ನು ವರ್ಷವರ್ಷವೂ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೇನೆ. ನಕಲಿನ ನಕಲಾಗಿ ಈಗ ಅದರ ಮೇಲಿನ ದಿನಾಂಕವೇ ಓದಲು ಬರುವುದಿಲ್ಲ, ಆದರೂ ಪರವಾನಗಿ ಒಂದು ವರ್ಷವೂ ನಿಂತಿಲ್ಲ.

ರಸೀದಿಯ ಸ್ಥಿತಿ ಇದಾದರೆ ಆ ನಂದಕ ಎಲ್ಲಿದೆ ಎಂದು ಮರುದಿನ ಹುಡುಕಿದೆ. ಮದುವೆ ಸೀರೆಗಳ ಕಪಾಟಿನ ಬದಿಯಲ್ಲಿ, ಖಾಲಿ ರಟ್ಟಿನ ಡಬ್ಬಿಗಳ ಹಿಂದೆ ಅದು ಸಿಕ್ಕಿತು. ಆರು ಕಿಲೋದ ಪುಡಿ ತುಂಬಿದ ಕೆಂಪು ಸಿಲಿಂಡರು, ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯನ್ನು ಯಾವಾಗಲೋ ಬಿಟ್ಟು ಕೆಂಪಿಗೆ ಇಳಿದಿತ್ತು. ಸುರಕ್ಷತಾ ಪಿನ್ನು ತುಕ್ಕು ಹಿಡಿದು ಕೈಗೆ ಬರಲೇ ಇಲ್ಲ. ನನ್ನಲ್ಲಿ ಕೆಲಸ ಮಾಡುವ ನಾಲ್ವರಲ್ಲಿ ಒಬ್ಬರಿಗೂ ಅದನ್ನು ಹೇಗೆ ಹಿಡಿಯಬೇಕು ಎಂದು ಗೊತ್ತಿರಲಿಲ್ಲ, ಮಾಲೀಕನಾದ ನನಗೂ ಗೊತ್ತಿರಲಿಲ್ಲ. ಇಷ್ಟಾದರೂ ನಿಮ್ಮ ದಾಖಲೆಯ ಪ್ರಕಾರ ನನ್ನದು ಅಗ್ನಿ ಸುರಕ್ಷತೆ ಇರುವ ಅಂಗಡಿ.

ಇದನ್ನೆಲ್ಲ ಈಗೇಕೆ ಹೇಳುತ್ತಿದ್ದೇನೆಂದರೆ, ಎರಡು ವರ್ಷಗಳ ಹಿಂದಿನ ಬೇಸಿಗೆಯ ಒಂದು ರಾತ್ರಿಯನ್ನು ನಮ್ಮ ಬಜಾರು ಆಗಲೇ ಮರೆತಿದೆ. ನನ್ನ ಅಂಗಡಿಯಿಂದ ನಾಲ್ಕನೆಯದಾದ ಪ್ಲಾಸ್ಟಿಕ್ ಸಾಮಾನು ಮತ್ತು ಚಪ್ಪಲಿಗಳ ಅಂಗಡಿಗೆ ಅಂದು ಬೆಂಕಿ ಬಿತ್ತು. ಅದರ ಅಟ್ಟದ ಮೇಲೆ ಕೆಲಸದ ಹುಡುಗನೊಬ್ಬ ಮಲಗಿದ್ದ. ಕಳ್ಳರ ಭಯಕ್ಕೆ ಹುಡುಗನನ್ನು ಒಳಗೆ ಮಲಗಿಸಿ ಹೊರಗಿನಿಂದ ಶೆಟರಿಗೆ ಬೀಗ ಹಾಕುವುದು ನಮ್ಮ ಬಜಾರಿನಲ್ಲಿ ಹೊಸತೇನಲ್ಲ. ಬೀಗದ ಕೈ ಊರಿನ ಇನ್ನೊಂದು ತುದಿಯಲ್ಲಿದ್ದ ಮಾಲೀಕರ ಮನೆಯಲ್ಲಿತ್ತು. ಹಿಂದಿನ ಮನೆಯವರು ಮಾಳಿಗೆ ಹತ್ತಿ, ಬೆಳಕಿಗೆಂದು ಬಿಟ್ಟಿದ್ದ ಕಿಂಡಿಯ ಮೇಲಿನ ತಗಡನ್ನು ಹಾರೆಯಿಂದ ಎಬ್ಬಿಸಿ ಅವನನ್ನು ಮೇಲಕ್ಕೆ ಎಳೆದರು. ಅಂಗೈಗಳು ಸುಟ್ಟಿದ್ದವು, ಎರಡು ದಿನ ಕೆಮ್ಮಿದ, ಜೀವ ಉಳಿಯಿತು. ಇಪ್ಪತ್ತನಾಲ್ಕು ಕಿಲೋಮೀಟರ್ ದೂರದ ತಾಲ್ಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ನಲವತ್ತು ನಿಮಿಷ ಕಳೆದಿತ್ತು, ಬಂದ ವಾಹನ ಬಜಾರಿನ ಬಾಯಿಯಲ್ಲೇ ನಿಂತಿತು. ಮುಂದೆ ಹೋಗಲು ತಗಡಿನ ಚಪ್ಪರಗಳು ಬಿಡಲಿಲ್ಲ. ಸಿಬ್ಬಂದಿ ಕೊಳವೆಗೆ ಕೊಳವೆ ಜೋಡಿಸಿಕೊಂಡು ಓಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರ ಶ್ರಮದಲ್ಲಿ ಲೋಪ ಹುಡುಕುವ ಯೋಗ್ಯತೆ ನಮಗಿಲ್ಲ, ಏಕೆಂದರೆ ಆ ಚಪ್ಪರಗಳಲ್ಲಿ ಒಂದು ನನ್ನದು.

ಬೆಂಕಿಗೆ ಕಾರಣ ಶಾರ್ಟ್ ಸರ್ಕಿಟ್ ಎಂದು ಬರೆದುಕೊಂಡರು. ನಮ್ಮಲ್ಲಿ ಆ ಎರಡು ಶಬ್ದ ಬರೆದೊಡನೆ ತನಿಖೆ ಮುಗಿಯುತ್ತದೆ, ತಂತಿ ಏಕೆ ಕಾದಿತು ಎಂದು ಯಾರೂ ಮುಂದೆ ಕೇಳುವುದಿಲ್ಲ. ಎರಡು ದೀಪ, ಒಂದು ಪಂಖದ ಕಾಲಕ್ಕೆ ಮಂಜೂರಾದ ಸಂಪರ್ಕದಿಂದಲೇ ಇಂದು ಕೂಲರು, ಫ್ರಿಜ್ಜು, ಸಿಸಿ ಕ್ಯಾಮರಾ, ಕೆಲವು ಕಡೆ ಏಸಿಯೂ ಓಡುತ್ತಿವೆ. ಫ್ಯೂಜು ಪದೇಪದೇ ಹಾರುತ್ತದೆಂದು ಅದಕ್ಕೆ ದಪ್ಪ ತಂತಿ ಸುತ್ತಿಸಿಕೊಂಡವರು ನಾವೇ. ಹಾಗೆ ಸುತ್ತಿದ ಮೇಲೆ ಫ್ಯೂಜು ಹಾರುವುದಿಲ್ಲ, ಅದರ ಬದಲು ಗೋಡೆಯೊಳಗಿನ ತಂತಿ ಸುಡುತ್ತದೆ. ನಲವತ್ಮೂರು, ನಲವತ್ನಾಲ್ಕು ಡಿಗ್ರಿಯ ನಮ್ಮ ಬೇಸಿಗೆಯಲ್ಲಿ, ತೊಲೆ ಜಂತಿಗಳ ಹಳೆಯ ಮಾಳಿಗೆಯ ಕೆಳಗೆ, ಆ ತಂತಿಯ ಪಕ್ಕದಲ್ಲಿಯೇ ನಾವು ಪಾಲಿಯೆಸ್ಟರ್ ಬಟ್ಟೆಯ ಥಾನುಗಳನ್ನು ಅಟ್ಟದವರೆಗೆ ಒಟ್ಟಿರುತ್ತೇವೆ.

ಆ ಘಟನೆಯ ನಂತರ ಒಂದು ತಿಂಗಳು ಊರಿನಲ್ಲಿ ಅಗ್ನಿ ನಂದಕಗಳ ವ್ಯಾಪಾರ ಚೆನ್ನಾಗಿ ನಡೆಯಿತು. ಕಚೇರಿಯಿಂದ ಎಲ್ಲರಿಗೂ ನೋಟಿಸು ಬಂತು, ಎಲ್ಲರೂ ರಸೀದಿ ಸಲ್ಲಿಸಿದೆವು, ಪ್ರಕರಣ ಮುಗಿಯಿತು. ಹುಡುಗನನ್ನು ಒಳಗೆ ಕೂಡಿಹಾಕಿದ ಬೀಗದ ಬಗ್ಗೆ ನೋಟಿಸಿನಲ್ಲಿ ಒಂದು ಸಾಲೂ ಇರಲಿಲ್ಲ. ನನ್ನ ಅಹವಾಲು ಇರುವುದು ಇಲ್ಲಿಯೇ. ಕೈಯಲ್ಲಿ ಹಿಡಿಯುವ ನಂದಕ ಚಿಮ್ಮುವುದು ಕೆಲವೇ ಸೆಕೆಂಡು, ಅದೂ ಆಗತಾನೇ ಹೊತ್ತಿದ ಸಣ್ಣ ಬೆಂಕಿಗೆ, ಅದೂ ಎಚ್ಚರವಿದ್ದು ಬಳಸಲು ಬಲ್ಲವನೊಬ್ಬ ಹತ್ತಿರವಿದ್ದರೆ. ಬೆಂಕಿ ಬೆಳೆದ ಮೇಲೆ ಮನುಷ್ಯನನ್ನು ಉಳಿಸುವುದು ಹೊರಗೆ ಹೋಗುವ ದಾರಿಯೊಂದೇ. ಆ ದಾರಿಯನ್ನು ನೀವು ಒಮ್ಮೆಯೂ ಪರಿಶೀಲಿಸಿಲ್ಲ, ನಾವು ಒಮ್ಮೆಯೂ ತೋರಿಸಿಲ್ಲ.

ರಾಷ್ಟ್ರೀಯ ಕಟ್ಟಡ ಸಂಹಿತೆಯ 2016ರ ಆವೃತ್ತಿಯಲ್ಲಿ ನಾಲ್ಕನೆಯ ಭಾಗ ಪೂರ್ತಿ ಅಗ್ನಿ ಮತ್ತು ಜೀವ ಸುರಕ್ಷತೆಗೆ ಮೀಸಲು. ಪಾಲಿಟೆಕ್ನಿಕ್‌ನಲ್ಲಿ ಓದುವ ನನ್ನ ತಮ್ಮನ ಮಗನಿಂದ ಅದನ್ನು ಓದಿಸಿ ಅರ್ಥ ಮಾಡಿಕೊಂಡೆ. ಹೊರಹೋಗುವ ಬಾಗಿಲು ಒಂದು ಮೀಟರಿಗಿಂತ ಕಿರಿದಾಗಿರಬಾರದು, ಎರಡು ಮೀಟರಿಗಿಂತ ತಗ್ಗಾಗಿರಬಾರದು, ಹೊರಮುಖವಾಗಿ ತೆರೆಯಬೇಕು, ಒಳಗಿರುವವರು ಕೀಲಿಯ ಹಂಗಿಲ್ಲದೆ ತೆರೆಯುವಂತಿರಬೇಕು. ಮೇಲಕ್ಕೆ ಏರುವ ಅಥವಾ ಪಕ್ಕಕ್ಕೆ ಜಾರುವ ಬಾಗಿಲನ್ನು ಆ ಸಂಹಿತೆ ನಿರ್ಗಮನದ ಬಾಗಿಲೆಂದು ಒಪ್ಪುವುದೇ ಇಲ್ಲ. ಇದನ್ನು ಓದಿ ಮುಗಿಸಿ ನಾನು ನಮ್ಮ ಬಜಾರಿನಲ್ಲಿ ಒಂದು ಸುತ್ತು ಹಾಕಿ ಬಂದೆ. ಎರಡೂ ಬದಿ ಸೇರಿ ಅರವತ್ತೆಂಟು ಅಂಗಡಿಗಳು, ಅರವತ್ತೆಂಟಕ್ಕೂ ಮುಂದೆ ಶೆಟರು. ಹಿಂದೆ ಇನ್ನೊಂದು ಬಾಗಿಲಿರುವುದು ಒಂಬತ್ತಕ್ಕೆ ಮಾತ್ರ, ಆ ಒಂಬತ್ತರಲ್ಲಿ ಐದನ್ನು ಒಳಗಿನಿಂದ ಗೋಣಿಚೀಲ, ಡಬ್ಬಿಗಳನ್ನು ಒಟ್ಟಿ ಮುಚ್ಚಿದ್ದಾರೆ. ಉಳಿದ ನಾಲ್ಕು ಬಾಗಿಲುಗಳನ್ನು ನಮ್ಮ ಇಡೀ ಬಜಾರಿನ ಅಗ್ನಿ ಸುರಕ್ಷತೆ ಎನ್ನಬಹುದು. ಕರೆಂಟು ಹೋದರೆ ಎದ್ದೇಳದ ಮೋಟಾರು ಶೆಟರುಗಳು ಈಚೆಗೆ ಬಂದಿವೆ. ಅವುಗಳ ಕೈಹಿಡಿಕೆ ಎಲ್ಲಿದೆ ಎಂದು ಕೇಳಿದರೆ ಮೂವರಲ್ಲಿ ಇಬ್ಬರು ಮಾಲೀಕರು ನಕ್ಕರು.

ಇನ್ನು ಯಾರ ಜವಾಬ್ದಾರಿ ಎಂಬ ಪ್ರಶ್ನೆ. ಅಗ್ನಿಶಾಮಕ ಠಾಣೆಯಲ್ಲಿ ವಿಚಾರಿಸಿದರೆ, ತಮ್ಮ ನಿರಾಕ್ಷೇಪಣಾ ಪತ್ರ ಬೇಕಾಗುವುದು ಎತ್ತರದ ಕಟ್ಟಡಗಳಿಗೆ, ನೆಲದ ಮೇಲೆ ಒಂದೋ ಎರಡೋ ಅಂತಸ್ತಿನ ನಿಮ್ಮ ಅಂಗಡಿಗಳ ಪರವಾನಗಿ ಪುರಸಭೆಯದು ಎಂದರು. ಪುರಸಭೆಯಲ್ಲಿ ವಿಚಾರಿಸಿದರೆ, ಬೆಂಕಿಯ ವಿಷಯ ಅಗ್ನಿಶಾಮಕ ಇಲಾಖೆಯದು ಎಂದರು. ಇಬ್ಬರೂ ಸುಳ್ಳು ಹೇಳಲಿಲ್ಲ. ಸಂಹಿತೆಯ ಲೆಕ್ಕದಲ್ಲಿ 15 ಮೀಟರ್ ಎತ್ತರ ದಾಟಿದ ಕಟ್ಟಡ ಬಹುಮಹಡಿ, ನಮ್ಮ ಊರಿನಲ್ಲಿ ಅಷ್ಟು ಎತ್ತರಕ್ಕೆ ಏರಿರುವುದು ನೀರಿನ ಟಾಕಿ ಮತ್ತು ಮೊಬೈಲ್ ಗೋಪುರ ಮಾತ್ರ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆಗೆ ಸಿಕ್ಕಿ ಒಂಬತ್ತು ಮಂದಿ ತೀರಿಕೊಂಡ ಮೇಲೆ ರಾಜ್ಯದಲ್ಲಿ ಅಗ್ನಿ ಸುರಕ್ಷತೆಯ ಚರ್ಚೆ ಬಹುಮಟ್ಟಿಗೆ ಗಗನಚುಂಬಿಗಳ ಸುತ್ತಲೇ ನಡೆಯಿತು. ಅದು ಆಗಬೇಕಾದದ್ದೇ. ಆದರೆ ಆ ಎತ್ತರದ ಗೆರೆಯ ಕೆಳಗೆ ಉಳಿದ ಊರುಗಳು ಯಾರ ಲೆಕ್ಕಕ್ಕೂ ಬರಲಿಲ್ಲ.

ಕಾನೂನು ಇಲ್ಲವೆಂದು ಮಾತ್ರ ಯಾರೂ ಹೇಳುವಂತಿಲ್ಲ. ಕರ್ನಾಟಕ ಪುರಸಭೆಗಳ ಅಧಿನಿಯಮವೂ ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮವೂ 1964ರ ಒಂದೇ ವರ್ಷದಲ್ಲಿ ಹುಟ್ಟಿದವು, ಅಣ್ಣತಮ್ಮಂದಿರಂತೆ. ಮೊದಲನೆಯದು ಕಟ್ಟಡಕ್ಕೂ ಅಪಾಯಕಾರಿ ಉದ್ದಿಮೆಗಳಿಗೂ ಪರವಾನಗಿ ಕೊಡುವ ಮತ್ತು ಅದಕ್ಕೆ ಷರತ್ತು ಹಾಕುವ ಅಧಿಕಾರವನ್ನು ತಮಗೆ ಕೊಟ್ಟಿದೆ. ಎರಡನೆಯದು ಬೆಂಕಿಯ ಅಪಾಯವಿರುವ ಸ್ಥಳಗಳ ಮಾಲೀಕರು ಇಂತಿಂಥ ಮುಂಜಾಗ್ರತೆ ವಹಿಸಬೇಕೆಂದು ಅಧಿಸೂಚಿಸುವ ಅಧಿಕಾರವನ್ನು ಸರ್ಕಾರಕ್ಕೂ, ಹಾಗೆ ಅಧಿಸೂಚನೆಯಾದ ಕಡೆ ಅಪಾಯಕಾರಿ ಸರಕನ್ನು ತೆಗೆಸುವ ಅಧಿಕಾರವನ್ನು ದಳದ ಅಧಿಕಾರಿಗಳಿಗೂ ಕೊಟ್ಟಿದೆ. ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೆಯ ಅನುಸೂಚಿಯಲ್ಲಿ, ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ವಿಷಯಗಳ ಪೈಕಿ ಏಳನೆಯದು ಅಗ್ನಿಶಾಮಕ ಸೇವೆ. ನಮ್ಮ ರಾಜ್ಯದಲ್ಲಿ ಆ ಸೇವೆ ರಾಜ್ಯ ಸರ್ಕಾರದ ಇಲಾಖೆಯ ಕೈಯಲ್ಲೇ ಉಳಿದಿದೆ, ಉಳಿಯಲಿ. ಕೊಳವೆ ಹಿಡಿಯುವ ಕೆಲಸ ಅವರದೇ ಇರಲಿ. ಬಾಗಿಲು ಎಣಿಸುವ ಕೆಲಸಕ್ಕೆ ಪುರಸಭೆಯ ಕಿರಿಯ ಅಭಿಯಂತರರೊಬ್ಬರು, ಠಾಣೆಯ ಅನುಭವಿ ಸಿಬ್ಬಂದಿಯೊಬ್ಬರು ಮತ್ತು ಒಂದು ಅಳತೆ ಪಟ್ಟಿ ಸಾಕು.

ಸಣ್ಣ ಊರಿನಲ್ಲಿ ದೊಡ್ಡ ಬೆಂಕಿ ಆಗುವುದಿಲ್ಲ ಎಂಬ ನಂಬಿಕೆಯೊಂದು ನಮ್ಮಲ್ಲಿದೆ. ಹರಿಯಾಣದ ಮಂಡಿ ಡಬ್ವಾಲಿ ನಮ್ಮ ಸೀಮೆಯ ಪಟ್ಟಣಗಳಂತೆಯೇ ಹತ್ತಿ ಬೆಳೆಯುವ ಬಯಲಿನ ಒಂದು ಪಟ್ಟಣ. ಅಲ್ಲಿನ ಮದುವೆ ಮಂಟಪವೊಂದರಲ್ಲಿ 1995ರ ಡಿಸೆಂಬರ್ 23ರಂದು ಶಾಲೆಯ ವಾರ್ಷಿಕೋತ್ಸವ ನಡೆಯುತ್ತಿದ್ದಾಗ ಸಿಂಥೆಟಿಕ್ ಬಟ್ಟೆಯ ಶಾಮಿಯಾನಕ್ಕೆ ಬೆಂಕಿ ಹತ್ತಿ, ಕೆಲವೇ ನಿಮಿಷಗಳಲ್ಲಿ ಕುಸಿದು, 400ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ಹೆಚ್ಚಿನವರು ಮಕ್ಕಳು ಮತ್ತು ಅವರನ್ನು ನೋಡಲು ಬಂದ ತಾಯಂದಿರು. ಕುಂಭಕೋಣಂನ ಶಾಲೆಯಲ್ಲಿ 2004ರ ಜುಲೈ 16ರಂದು ಅಡುಗೆಮನೆಯ ಕಿಡಿ ಗರಿಯ ಮಾಡಿಗೆ ತಗುಲಿ 94 ಮಕ್ಕಳು ಸತ್ತಾಗ, ಅವರಿಗಿದ್ದದ್ದು ಇಕ್ಕಟ್ಟಾದ ಒಂದು ಮೆಟ್ಟಿಲ ದಾರಿ. ಆ ಪ್ರಕರಣದ ಹಿನ್ನೆಲೆಯಲ್ಲಿಯೇ ಸುಪ್ರೀಂ ಕೋರ್ಟು 2009ರ ಏಪ್ರಿಲ್ 13ರಂದು, ಸುರಕ್ಷಿತ ಕಟ್ಟಡದಲ್ಲಿ ಕಲಿಯುವುದೂ ಮಗುವಿನ ಶಿಕ್ಷಣದ ಹಕ್ಕಿನ ಭಾಗ ಎಂದು ಹೇಳಿತು.

ಈ ಎರಡೂ ನಮಗೆ ದೂರದ ಹೆಸರುಗಳು. ಮೂರನೆಯದು ದೂರದ್ದಲ್ಲ. ನಮ್ಮ ಸೀಮೆಯ ಬಟ್ಟೆ ವ್ಯಾಪಾರಿಗಳು ತಲೆತಲಾಂತರದಿಂದ ಸರಕು ತರುವುದು ಹೈದರಾಬಾದಿನ ಪತ್ಥರಗಟ್ಟಿ, ಮದೀನಾ ಕಡೆಯಿಂದ. ಗುಲ್ಜಾರ್ ಹೌಜ್ ಅಲ್ಲಿಂದ ಕೂಗಳತೆಯ ದೂರ. ಕೆಳಗೆ ಅಂಗಡಿ, ಮೇಲೆ ಮನೆ, ಒಳಹೋಗಲು ಒಂದು ಕಿರಿದಾದ ದಾರಿ ಇದ್ದ ಅಲ್ಲಿನ ಹಳೆಯ ಕಟ್ಟಡವೊಂದರಲ್ಲಿ 2025ರ ಮೇ 18ರ ಬೆಳಗಿನ ಜಾವ ಬೆಂಕಿ ಎದ್ದು ಒಂದೇ ಬಂಧುಬಳಗದ 17 ಮಂದಿ ಸತ್ತರು, ಬಹುತೇಕರು ಹೊಗೆಯಿಂದ. ಆ ಕಟ್ಟಡವೂ ಎತ್ತರದ್ದಾಗಿರಲಿಲ್ಲ, ನೆಲದ ಮೇಲೆ ಎರಡೇ ಅಂತಸ್ತು. ಆ ತಿಂಗಳ ಕೊನೆಗೆ ಖರೀದಿಗೆ ಹೋದಾಗ ನಾನು ಅದರ ಮುಂದೆ ನಿಂತು ಬಂದೆ. ನನ್ನ ಅಂಗಡಿಯ ಮೇಲೆಯೂ ಬಾಡಿಗೆಗೆ ಒಂದು ಸಂಸಾರವಿದೆ, ಅವರ ಮೆಟ್ಟಿಲು ಇಳಿಯುವುದು ನನ್ನ ಶೆಟರಿನ ಪಕ್ಕದ ಎರಡೂವರೆ ಅಡಿಯ ಸಂದಿಗೆ, ಆ ಮೆಟ್ಟಿಲ ಕೆಳಗೆಯೇ ಕಟ್ಟಡದ ಎಲ್ಲ ಮೀಟರುಗಳ ಹಲಗೆ. ಹೊತ್ತುವ ಜಾಗವೂ ಓಡುವ ಜಾಗವೂ ಒಂದೇ ಕಡೆ ಇವೆ ಎಂಬುದು ಮೂವತ್ತೊಂದು ವರ್ಷಗಳಲ್ಲಿ ನನಗೆ ಹೊಳೆದದ್ದು ಅಂದು.

ಬಜಾರಿನ ಆಚೆಯ ಮಾತು ಹತ್ತಿಯದು. ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನಮ್ಮ ಜಿಲ್ಲೆಯ ಹೊಲಗಳು ಬಿಳಿಯಾದವು, ಅದರ ಹಿಂದೆಯೇ ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಮಿಲ್ಲುಗಳು ಬಂದವು. ಹಂಗಾಮಿನ ನಾಲ್ಕೈದು ತಿಂಗಳು ಮಿಲ್ಲಿನ ಅಂಗಳದಲ್ಲಿ ಹತ್ತಿಯ ಗುಡ್ಡ ಬಿದ್ದಿರುತ್ತದೆ. ಬಿಡಿಸುವಾಗ ಸೇರಿಕೊಂಡ ಒಂದು ಬೆಣಚು ಕಲ್ಲೋ ಕಬ್ಬಿಣದ ಚೂರೋ ಯಂತ್ರದೊಳಗೆ ಹೋದರೆ ಕಿಡಿ ಹಾರುವುದಕ್ಕೆ ಅಷ್ಟೇ ಸಾಕು. ಹತ್ತಿಯ ಬೆಂಕಿಯ ಗುಣ ಮಿಲ್ಲಿನಲ್ಲಿ ದುಡಿದವರಿಗೆ ಗೊತ್ತು: ಮೇಲೆ ನೀರು ಹಾಕಿ ಆರಿಸಿದಂತೆ ಕಂಡರೂ ಒತ್ತಿ ಕಟ್ಟಿದ ಬೇಲಿನ ಒಳಗೆ ಅದು ಗಂಟೆಗಟ್ಟಲೆ ಹೊಗೆಯಾಡುತ್ತ ಕುಳಿತಿದ್ದು, ಬೇಲು ಬಿಚ್ಚಿದೊಡನೆ ಮತ್ತೆ ಏಳುತ್ತದೆ. ಮಟ್ಟ ಮೀರಿ ಹತ್ತಿ ಹೇರಿಕೊಂಡು ಬರುವ ಟ್ರ್ಯಾಕ್ಟರು, ಲಾರಿಗಳು ರಸ್ತೆಗೆ ಅಡ್ಡ ಜೋತ ವಿದ್ಯುತ್ ತಂತಿಗೆ ತಾಗುವುದು ಇನ್ನೊಂದು ಭಯ.

ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಎಂಬ ಹಡಗು ಸಿಡಿದು, ಬೆಂಕಿ ಆರಿಸಲು ಹೋಗಿದ್ದ 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕಳೆದುಕೊಂಡ ನೆನಪಿಗೆ ಈ ಸಪ್ತಾಹ. ಆ ಹಡಗಿನಲ್ಲಿ ಸಿಡಿಮದ್ದಿನ ಜೊತೆ ಇದ್ದದ್ದು ಹತ್ತಿಯ ಬೇಲುಗಳು, ಬೆಂಕಿ ಮೊದಲು ಹೊತ್ತಿದ್ದೂ ಅವುಗಳಲ್ಲಿಯೇ. ಹತ್ತಿಯ ಮೇಲೆಯೇ ಬದುಕುವ ನಮ್ಮ ಊರಿನಲ್ಲಿ ಸಪ್ತಾಹವೆಂದರೆ ಒಂದು ಶಾಲೆಯ ಅಂಗಳದಲ್ಲಿ ತಟ್ಟೆಯ ಎಣ್ಣೆಗೆ ಬೆಂಕಿ ಹಚ್ಚಿ ಆರಿಸಿ ತೋರಿಸುವುದು, ಫೋಟೋ ತೆಗೆಸಿಕೊಳ್ಳುವುದು. ಆ ಪ್ರಾತ್ಯಕ್ಷಿಕೆಯನ್ನು ಹಮಾಲರೂ ಯಂತ್ರ ನಡೆಸುವವರೂ ಇರುವ ಮಿಲ್ಲಿನ ಅಂಗಳಕ್ಕೆ ಒಯ್ಯಿರಿ ಎಂದು ಠಾಣಾಧಿಕಾರಿಗಳಲ್ಲಿ ಕೇಳಿಕೊಳ್ಳುತ್ತೇನೆ. ಮಿಲ್ಲು ಕಾರ್ಖಾನೆಗಳ ಇಲಾಖೆಯ ವ್ಯಾಪ್ತಿಗೆ ಬರುತ್ತದೆಂಬ ಉತ್ತರ ನನಗೆ ಗೊತ್ತಿದೆ. ಆದರೆ ಗೋಡೆಗೆ ಗೋಡೆ ತಾಗಿ ಮನೆ ಕಟ್ಟಲು ಅನುಮತಿ ಕೊಟ್ಟದ್ದು ಪುರಸಭೆ.

ಫಂಕ್ಷನ್ ಹಾಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಮೇಲೆ ಬರೆದ ಡಬ್ವಾಲಿಯ ಮಾತೇ ಸಾಕು. ಮದುವೆಯ ದಿನ ಹಿಂದಿನ ಗೇಟಿಗೆ ಬೀಗ ಹಾಕಬಾರದು ಎಂಬ ಒಂದು ಷರತ್ತನ್ನು ಅವರ ಪರವಾನಗಿಯಲ್ಲಿ ಸೇರಿಸಿ, ಒಂದು ಮುಹೂರ್ತದ ದಿನ ಹೋಗಿ ನೋಡಿ. ಖಾನಾವಳಿ ಮತ್ತು ಹೋಟೆಲುಗಳಲ್ಲಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದಾದ ಅಡುಗೆ ಅನಿಲ ನೂರು ಕಿಲೋ, ಅಂದರೆ 19 ಕಿಲೋದ ಐದು ಸಿಲಿಂಡರು, ಆರನೆಯದಕ್ಕೆ ಲೈಸೆನ್ಸು ಬೇಕು. ಎಣಿಸಲು ಎರಡು ನಿಮಿಷ ಹಿಡಿಯುವುದಿಲ್ಲ. ಆ ಅನಿಲ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದ ಮೇಲೆಯೇ ಹರಿದು ತಗ್ಗು ಹುಡುಕುತ್ತದೆ. ನಮ್ಮ ಬಸ್ ನಿಲ್ದಾಣದ ಸಾಲಿನಲ್ಲಿ ಸಿಲಿಂಡರುಗಳನ್ನು ಇಟ್ಟಿರುವುದೇ ತಗ್ಗಿನ ಹಿಂಕೋಣೆಗಳಲ್ಲಿ, ಮುಚ್ಚದ ಚರಂಡಿಯ ಪಕ್ಕ.

ದೀಪಾವಳಿಯ ಪಟಾಕಿ ಅಂಗಡಿಗಳಿಗೆ 2008ರ ಸ್ಫೋಟಕ ನಿಯಮಗಳು ಬಹಳ ಸ್ಪಷ್ಟವಾಗಿವೆ: ತಾತ್ಕಾಲಿಕ ಮಳಿಗೆಗಳು ಸುಲಭವಾಗಿ ಹೊತ್ತದ ವಸ್ತುವಿನಿಂದ ಕಟ್ಟಿದವಾಗಿರಬೇಕು, ಒಂದಕ್ಕೊಂದು ಕನಿಷ್ಠ ಮೂರು ಮೀಟರ್ ಅಂತರವಿರಬೇಕು, ಎದುರುಬದುರಾಗಿರಬಾರದು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ ಸತ್ತವರ ಸುದ್ದಿ ಕೇಳಿ ಆ ವರ್ಷ ನಮ್ಮಲ್ಲಿ ಮಳಿಗೆಗಳನ್ನು ಊರ ಹೊರಗಿನ ಬಯಲಿಗೆ ಕಳಿಸಿದಿರಿ. ಅದಕ್ಕೆ ಕೃತಜ್ಞತೆ ಹೇಳಲೇಬೇಕು. ಆ ವರ್ಷ ಆದದ್ದು ಪ್ರತಿ ವರ್ಷವೂ ಆಗಬಹುದು ಎಂಬುದಕ್ಕೆ ಅದೇ ಪುರಾವೆ.

ಮೊನ್ನೆ ಸಂತೆಯ ದಿನ ಮಧ್ಯಾಹ್ನ, ಬಟ್ಟೆ ಅಳೆಯುವ ನನ್ನ ಮೀಟರ್ ಕೋಲನ್ನೇ ತೆಗೆದುಕೊಂಡು ಹೋಗಿ ಬಜಾರಿನ ದಾರಿಯನ್ನು ಅಳೆದೆ. ಚಪ್ಪರದಿಂದ ಚಪ್ಪರಕ್ಕೆ, ನಿಲ್ಲಿಸಿದ ಬೈಕು ಮತ್ತು ಬಂಡಿಗಳನ್ನು ಬಿಟ್ಟು, ತೀರ ಇಕ್ಕಟ್ಟಾದ ಕಡೆ ಎರಡು ಮೀಟರಿಗೆ ಒಂದು ಗೇಣು ಹೆಚ್ಚು ಇತ್ತು. ಅಗ್ನಿಶಾಮಕ ವಾಹನದ ಅಗಲವೇ ಅದಕ್ಕಿಂತ ಹೆಚ್ಚು. ವಾಹನ ಒಳಗೆ ಬಂದರೂ ಅದರ ಟಾಕಿಯಲ್ಲಿರುವ ನೀರು ಸಾಮಾನ್ಯವಾಗಿ 4,500 ಲೀಟರು, ಪೂರ್ತಿ ಒತ್ತಡದಲ್ಲಿ ಬಿಟ್ಟರೆ ಕೆಲವೇ ನಿಮಿಷದ ಮಾತು. ಆಮೇಲೆ ನೀರು ಎಲ್ಲಿಂದ? ಕಳೆದ ಬಾರಿ ವಾಹನ ಕೊಳವೆಬಾವಿ ಹುಡುಕಿಕೊಂಡು ಊರ ಹೊರಗಿನ ತೋಟಕ್ಕೆ ಹೋಗಿ ಬಂದಿತ್ತು. ಬಜಾರಿನಿಂದ ಇನ್ನೂರು ಹೆಜ್ಜೆಯ ಮೇಲೆ ಪುರಸಭೆಯದೇ ಮೇಲ್ತೊಟ್ಟಿ ಇದೆ. ಅದರ ಬುಡದಲ್ಲಿ ಅಗ್ನಿಶಾಮಕ ಕೊಳವೆ ಜೋಡಿಸಲು ಒಂದು ಕವಾಟ ಇಡಿಸಿ, ಅದರ ಕೀಲಿ ನೀರುಗಂಟಿಯ ಮನೆಯಲ್ಲಿರದೆ ಅಲ್ಲಿಯೇ ಗಾಜಿನ ಪೆಟ್ಟಿಗೆಯಲ್ಲಿ ಇರುವಂತೆ ಮಾಡಿದರೆ ಸಾಕು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಲ್ಲಿ ನಮ್ಮ ಊರಿಗೆ ಸ್ವಾಗತ ಕಮಾನು ಬಂದಿರುವಾಗ ಒಂದು ಕವಾಟ ಬರಲಾರದೇ?

ಈಗ ನನ್ನ ವ್ಯಾಪಾರಿ ಬಂಧುಗಳಿಗೆ ಎರಡು ಮಾತು. ಈ ಪತ್ರದ ಕರಡನ್ನು ಕೆಲವರಿಗೆ ಓದಿ ಹೇಳಿದಾಗ, ಮಲಗಿದ್ದ ನಾಯಿಯನ್ನು ಏಕೆ ಎಬ್ಬಿಸುತ್ತೀರಿ ಕಾಕಾ, ಇನ್ಸ್‌ಪೆಕ್ಟರು ಅಂಗಡಿಗೆ ಬರಲು ಶುರುಮಾಡಿದರೆ ಬರಿಗೈಯಲ್ಲಿ ಹೋಗುತ್ತಾರೆಯೇ ಎಂದು ಕೇಳಿದರು. ಈ ಭಯ ಸುಳ್ಳಲ್ಲ. ನಿಯಮ ಹೆಚ್ಚಾದಷ್ಟೂ ಲಂಚದ ದಾರಿಗಳು ಹೆಚ್ಚುವುದನ್ನು ನಾವು ಕಂಡಿದ್ದೇವೆ. ಲಂಚ ಬೆಳೆಯುವುದು ಪರಿಶೀಲನೆ ಇಬ್ಬರ ನಡುವೆ ಗುಟ್ಟಾಗಿ ನಡೆದಾಗ. ಆದ್ದರಿಂದ ನನ್ನ ಕೋರಿಕೆ ಏನೆಂದರೆ, ಪರಿಶೀಲನೆಗೆ ಒಂದೇ ಪುಟದ ಕನ್ನಡದ ನಮೂನೆ ಇರಲಿ: ಹೊರಹೋಗುವ ದಾರಿಗಳೆಷ್ಟು, ಅವು ಒಳಗಿನಿಂದ ತೆರೆಯುತ್ತವೆಯೇ, ರಾತ್ರಿ ಒಳಗೆ ಯಾರಾದರೂ ಮಲಗುತ್ತಾರೆಯೇ, ಮೀಟರು ಹಲಗೆ ಎಲ್ಲಿದೆ, ನಂದಕದ ಮುಳ್ಳು ಯಾವ ಬಣ್ಣದಲ್ಲಿದೆ, ಅದನ್ನು ಬಳಸಲು ಬರುವವರ ಹೆಸರೇನು. ಪರಿಶೀಲಿಸಿದವರೂ ಮಾಲೀಕರೂ ಸಹಿ ಮಾಡಿ ಅದರ ಒಂದು ಪ್ರತಿಯನ್ನು ಅಂಗಡಿಯ ಮುಂದೆಯೇ ಅಂಟಿಸಲಿ. ಗಿರಾಕಿಗಳು ಓದಲಿ. ಲೋಪ ಕಂಡರೆ ಮೊದಲ ಸಲ ದಂಡ ಬೇಡ, ತೊಂಬತ್ತು ದಿನ ಕೊಡಿ. ಎರಡನೆಯ ಸಲವೂ ಹಾಗೆಯೇ ಇದ್ದರೆ ಪರವಾನಗಿ ತಡೆಹಿಡಿಯಿರಿ, ಅದು ನನ್ನದಾದರೂ.

ರಾತ್ರಿ ಆಳುಗಳನ್ನು ಒಳಗೆ ಮಲಗಿಸಿ ಹೊರಗಿನಿಂದ ಬೀಗ ಹಾಕುವುದಕ್ಕೆ ಮಾತ್ರ ತೊಂಬತ್ತು ದಿನ ಕೊಡಬೇಡಿ, ಒಂದು ದಿನವೂ ಕೊಡಬೇಡಿ. ಅದನ್ನು ನಿಲ್ಲಿಸಲು ಯಾರಿಗೂ ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

ಹಳೆಯ ಕಟ್ಟಡಗಳನ್ನು ಒಡೆದು ಕಟ್ಟಲು ಯಾರಿಂದ ಸಾಧ್ಯ ಎಂಬ ಪ್ರಶ್ನೆ ಉಳಿಯುತ್ತದೆ. ಒಡೆಯಬೇಕಾಗಿಲ್ಲ. ನಮ್ಮ ಅಂಗಡಿಗಳ ಹಿಂದೆ, ಅಜ್ಜಂದಿರ ಕಾಲದಲ್ಲಿ ಜಾಡಮಾಲಿಗಳು ಓಡಾಡಲು ಬಿಟ್ಟಿದ್ದ ಆರಡಿಯ ಸಂದಿಯೊಂದು ಇದೆ. ಅದು ಪುರಸಭೆಯ ಆಸ್ತಿ. ಇಂದು ಅದರಲ್ಲಿ ಯಾರದೋ ಬಚ್ಚಲು, ಯಾರದೋ ತೊಗರಿ ಕಟ್ಟಿಗೆಯ ಒಟ್ಟಲು, ಯಾರದೋ ಜನರೇಟರು ಸೇರಿಕೊಂಡಿವೆ. ಅದನ್ನು ತೆರವು ಮಾಡಿಸಿದರೆ ಬಜಾರಿನ ಪೂರ್ವದ ಸಾಲಿನ ಮೂವತ್ತಾರು ಅಂಗಡಿಗಳಿಗೂ ಹಿಂಬಾಗಿಲು ಇಡಲು ಬರುತ್ತದೆ. ಒಂದು ಬಾಗಿಲಿಗೆ ಗೌಂಡಿ, ಚೌಕಟ್ಟು, ಕಬ್ಬಿಣದ ಬಾಗಿಲು ಎಲ್ಲ ಸೇರಿ ನಾವು ಒಂದು ಮದುವೆ ಹಂಗಾಮಿನಲ್ಲಿ ಬಿಡುವ ರಿಯಾಯಿತಿಯಷ್ಟೂ ಖರ್ಚಾಗುವುದಿಲ್ಲ.

ನನ್ನ ಅಂಗಡಿಯ ಹಿಂದಿನ ಗೋಡೆಯಲ್ಲಿ, ಆ ಸಂದಿಗೆ ತೆರೆಯುವ ಒಂದು ಮೀಟರ್ ಅಗಲದ ಬಾಗಿಲು ಇಡಿಸಲು ಅನುಮತಿ ಕೋರಿ ಹದಿನಾಲ್ಕು ತಿಂಗಳ ಹಿಂದೆ ಅರ್ಜಿ ಕೊಟ್ಟಿದ್ದೆ. ಸಂದಿ ಒತ್ತುವರಿಯಾಗಿರುವುದರಿಂದ ಸದ್ಯಕ್ಕೆ ಪರಿಶೀಲಿಸಲಾಗದು ಎಂದು ಹಿಂಬರಹ ಬಂತು. ನನ್ನ ಮುಂದಿನ ತಗಡಿನ ಚಪ್ಪರವೂ ಒತ್ತುವರಿಯೇ ಆಗಿದ್ದರಿಂದ ಕಳೆದ ಭಾನುವಾರ ಅದನ್ನು ಬಿಚ್ಚಿಸಿ ಒಳಗೆ ಇಟ್ಟಿದ್ದೇನೆ. ನಂದಕವನ್ನು ಮತ್ತೆ ತುಂಬಿಸಿ ಗಲ್ಲಾಪೆಟ್ಟಿಗೆಯ ಪಕ್ಕದ ಗೋಡೆಗೆ ಏರಿಸಿದ್ದೇನೆ, ನಾಲ್ವರು ಕೆಲಸದವರಿಗೂ ಹಿಡಿಯಲು ಕಲಿಸಿದ್ದಾಗಿದೆ. ಮೀಟರು ಹಲಗೆಯನ್ನು ಮೆಟ್ಟಿಲ ಕೆಳಗಿನಿಂದ ತೆಗೆಸಲು ವಿದ್ಯುತ್ ಕಚೇರಿಗೆ ಹಣ ಕಟ್ಟಿದ್ದೇನೆ. ಹಿಂಬಾಗಿಲೊಂದು ತಮ್ಮ ಸಹಿಗೆ ಕಾದಿದೆ. ಹಳೆಯ ಅರ್ಜಿಯ ಪ್ರತಿ, ಹಿಂಬರಹದ ಪ್ರತಿ ಮತ್ತು ಸಂದಿಯ ಅಳತೆಯ ಕೈನಕ್ಷೆಯನ್ನು ಈ ಪತ್ರದೊಂದಿಗೆ ತಮ್ಮ ಕಚೇರಿಯ ಆವಕ ಶಾಖೆಗೆ ಕೊಟ್ಟಿದ್ದೇನೆ. ಅಮಾವಾಸ್ಯೆಯ ದಿನ ಬಜಾರಿಗೆ ರಜೆ ಇರುತ್ತದೆ, ಸಂದಿ ನೋಡಲು ಅಂದು ಅನುಕೂಲ. ತಾವು ಬರುವುದಾದರೆ ಬೆಳಿಗ್ಗೆ ಹತ್ತರಿಂದ ನಾನು ಅಂಗಡಿಯಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಬಜಾರಿನ ಪೂರ್ವದ ಸಾಲಿನ ಒಬ್ಬ ಬಟ್ಟೆ ವ್ಯಾಪಾರಿ
ಯಾದಗಿರಿ ಜಿಲ್ಲೆ